ನೋಡೋಕೆ ಏನೂ ಇಲ್ಲದ ಬಂದರು

ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಗೋಡೆ. ಬಿರುಗಾಳಿಗೆ ಸಿಕ್ಕಿದ ವಿಹಾರದ ಹಡಗಿನಲ್ಲಿ ಕೋಣೆ ಕೆಲಸದವರು ನಡೆಯುವ ರೀತಿಯೇ ಅದು. ಹಡಗು ಎಡಕ್ಕೆ ವಾಲಿದರೆ ಎಡಗಡೆ ಗೋಡೆಗೆ ಒರಗಬೇಕು, ಬಲಕ್ಕೆ ವಾಲಿದರೆ ಬಲಗಡೆ ಗೋಡೆಗೆ. ನಡುವೆ ಸಿಕ್ಕ ಗಳಿಗೆಯಲ್ಲಿ ನಾಲ್ಕು ಹೆಜ್ಜೆ ಓಡಬೇಕು. ಬಕೆಟ್ಟಿನಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ. ಹಿಂದಿನ ದಿನ ಊಟದ ಕೋಣೆಯಲ್ಲಿ ಪ್ರಯಾಣಿಕರು ಬಾಯಿ ಚಪ್ಪರಿಸಿಕೊಂಡು ತಿಂದದ್ದೆಲ್ಲ ಅದರಲ್ಲಿತ್ತು.

ಬಕೆಟ್ಟು ಹಿಡಿದಿದ್ದವಳನ್ನು ಕೆಲಸದವರೆಲ್ಲ ಆನೆಯಕ್ಕ ಅಂತ ಕರೆಯುತ್ತಿದ್ದರು. ಮೈ ನೋಡಿ ಇಟ್ಟ ಹೆಸರಲ್ಲ. ಮೈಯಲ್ಲಿ ಅವಳು ಅಪ್ಪಟ ಕಡ್ಡಿ ಪೈಲ್ವಾನ್. ಇಂಥ ಹಡಗುಗಳಲ್ಲಿ ಒಂದು ರೂಢಿಯಿದೆ. ಹಾಸಿಗೆ ಸರಿಪಡಿಸಿದ ಮೇಲೆ ಟವೆಲ್ಲುಗಳನ್ನು ಮಡಚಿ, ಸುತ್ತಿ, ಮೊಲವೋ ಹಂಸವೋ ಕೋತಿಯೋ ಮಾಡಿ ಹಾಸಿಗೆಯ ನಡುವೆ ಕೂರಿಸಬೇಕು. ಪ್ರಯಾಣಿಕರು ಬಾಗಿಲು ತೆರೆದು, ಎಷ್ಟು ಮುದ್ದಾಗಿದೆ ಅಂತ ಫೋಟೋ ತೆಗೆದು, ಆಮೇಲೆ ಅದರಲ್ಲೇ ಕಾಲು ಒರೆಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಆನೆ. ಸೊಂಡಿಲು ನಿಲ್ಲುವುದಿಲ್ಲ. ಇವಳು ಮಾಡಿದ ಆನೆಯ ಸೊಂಡಿಲು ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು, ಹಾಗಾಗಿ ಹೆಸರೂ ನಿಂತುಬಿಟ್ಟಿತು.

ಬಿರುಗಾಳಿ ಏಳುವ ಮುಂಚೆ ಹಡಗು ಹೊರಟಿದ್ದು ಬಿಳಿ ಮರಳಿನ ಒಂದು ದ್ವೀಪಕ್ಕೆ. ಕ್ಯಾಪ್ಟನ್ನು ಮೈಕಿನಲ್ಲಿ ಬಂದು, ಅಲೆ ಜೋರಾಗಿದೆ, ದ್ವೀಪದ ಭೇಟಿ ರದ್ದು ಎಂದದ್ದೇ ತಡ, ಹಡಗಿನ ತುಂಬ ಸಾವಿನ ಮನೆಯ ಕಳೆ ಬಂತು. ಈಜುಕೊಳದ ನೀರು ಖಾಲಿ ಮಾಡಿ ಮೇಲೆ ಬಲೆ ಕಟ್ಟಿದರು. ಕುರ್ಚಿಗಳನ್ನು ಹಗ್ಗದಲ್ಲಿ ಬಿಗಿದರು. ನಾಟಕ ನಿಂತಿತು, ಕುಣಿತ ನಿಂತಿತು, ಲಿಫ್ಟೂ ನಿಂತಿತು. ಮೆಟ್ಟಿಲ ಕಂಬಿಗಳಿಗೆ ವಾಂತಿಯ ಕಾಗದದ ಚೀಲಗಳನ್ನು ತೋರಣದ ಹಾಗೆ ಸಿಕ್ಕಿಸಿದರು. ಅಷ್ಟಾದರೂ ಒಬ್ಬ ದಪ್ಪ ಸಾಹೇಬ ಕೌಂಟರಿಗೆ ಬಂದು ಮೇಜು ಗುದ್ದಿ, ನಾನು ದುಡ್ಡು ಕೊಟ್ಟಿದ್ದು ಬಿಸಿಲಿಗೆ ಎಂದು ರೇಗಾಡಿದ. ಬಿಸಿಲನ್ನು ಒಳಗಿನ ಬೀರುವಿನಲ್ಲಿ ಬಚ್ಚಿಟ್ಟಿದ್ದಾರೆ ಅಂತ ತಿಳಿದನೋ ಏನೋ.

ಪ್ರಯಾಣಿಕರ ಸಮಾಧಾನಕ್ಕೆ ಪುಕ್ಕಟೆ ಪಾನೀಯ, ಪುಕ್ಕಟೆ ಮಾಲೀಸು. ಕೆಲಸದವರಿಗೆ? ಇದ್ದ ವಿಶ್ರಾಂತಿಯೂ ರದ್ದು. ಕೆಲಸದವರ ಮೇಲೆ ದರ್ಬಾರು ನಡೆಸುತ್ತಿದ್ದ ಮ್ಯಾನೇಜರು ಎಲ್ಲರನ್ನೂ ಸೇರಿಸಿ, ಜನ ಮುಖ ಊದಿಸಿಕೊಂಡಿದ್ದಾರೆ, ಇನ್ನು ಮುಂದೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಸಿಗೆ ಮೇಲೆ ಟವೆಲ್ ಪ್ರಾಣಿ ಇರಲೇಬೇಕು, ಅದೂ ಆನೆಯೇ ಆಗಬೇಕು ಎಂದ. ಬಿರುಗಾಳಿಗೂ ಆನೆಗೂ ಏನು ಸಂಬಂಧ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೇಳಿದರೆ ಅವನ ಹತ್ತಿರ ಒಂದೇ ಉತ್ತರ: "ಇಷ್ಟ ಇಲ್ವಾ? ಮುಂದಿನ ಬಂದರಲ್ಲಿ ಇಳಿಸಿಬಿಡ್ತೀನಿ."

ಅದು ಬರೀ ಬಾಯಿಮಾತಲ್ಲ. ಹಿಂದೆ ಒಬ್ಬ ಅಡುಗೆಯವನು ಎದೆನೋವು, ಡಾಕ್ಟರಿಗೆ ತೋರಿಸಿ ಎಂದು ಎರಡು ಸಲ ಕೇಳಿದ್ದಕ್ಕೆ, ಭಾಷೆ ಗೊತ್ತಿಲ್ಲದ ಊರಿನ ದಕ್ಕೆಯ ಮೇಲೆ ಅವನನ್ನೂ ಅವನ ಚೀಲವನ್ನೂ ಇಳಿಸಿ ಹಡಗು ಹೊರಟುಬಿಟ್ಟಿತ್ತು. ಅವತ್ತಿನಿಂದ ಆ ಮಾತು ಕೇಳಿದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತಿತ್ತು.

ಆನೆಯಕ್ಕ ಬಕೆಟ್ಟು ಹಿಡಿದು ಓಡುತ್ತಿದ್ದಾಗ ಮೈಕು ಮತ್ತೆ ಮಾತಾಡಿತು. ಗಾಳಿ ತಗ್ಗುವ ತನಕ ಹಡಗು ಹತ್ತಿರದ ಬಂದರಿನಲ್ಲಿ ಆಸರೆ ಪಡೆಯುತ್ತದೆ ಎಂದು ಕ್ಯಾಪ್ಟನ್ನು ಒಂದು ಊರಿನ ಹೆಸರು ಹೇಳಿದ. ಕಲ್ಲಿದ್ದಲು, ಸಿಮೆಂಟು ಇಳಿಸುವ ಬಂದರು. ವಿಹಾರದ ಹಡಗು ಯಾವತ್ತೂ ತಲೆ ಹಾಕದ ಜಾಗ. ಹೆಸರು ಕೇಳಿದ್ದೇ ಅವಳ ಕೈಯಿಂದ ಬಕೆಟ್ಟು ಜಾರಿತು. ಆಮೇಲೆ ನೆಲ ಒರೆಸಬೇಕಾದವಳೂ ಅವಳೇ. ಮಂಡಿಯೂರಿ ಒರೆಸುತ್ತಾ ಒಬ್ಬಳೇ ನಗುತ್ತಿದ್ದಳು. ಅದು ಅವಳ ಊರು.

ನಗುತ್ತಲೇ ತಳದ ಮಹಡಿಗೆ ಓಡಿದಳು. ಅಲ್ಲಿ ಕುದಿಯುವ ಹಬೆಯ ನಡುವೆ ಲಾಂಡ್ರಿ ಮಾಮ ಹಾಸಿಗೆ ಬಟ್ಟೆಗಳ ಗುಡ್ಡದ ಜೊತೆ ಗುದ್ದಾಡುತ್ತಿದ್ದ. ಹಡಗಿನಲ್ಲಿ ಎಲ್ಲರಿಗಿಂತ ಹಳಬ, ನೆಂಟಸ್ತಿಕೆ ಇಲ್ಲದೆಯೂ ಎಲ್ಲರಿಗೂ ಮಾಮ. ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಗಂಡ ಅದೇ ಬಂದರಿನಲ್ಲಿ ಹಗ್ಗದವನು. ಬರುವ ಹಡಗುಗಳ ಹಗ್ಗ ಹಿಡಿದು ದಕ್ಕೆಯ ಕಂಬಕ್ಕೆ ಹಾಕುವುದು, ಹೊರಡುವಾಗ ಬಿಚ್ಚುವುದು ಅವನ ಗುಂಪಿನ ಕೆಲಸ. ಮಗಳನ್ನು ಅವನೇ ನೋಡಿಕೊಳ್ಳುತ್ತಿದ್ದಾನೆ. ಅವಳು ಹಡಗು ಹತ್ತಿದಾಗ ಮಗು ಗೋಡೆ ಹಿಡಿದುಕೊಂಡು ನಿಲ್ಲುತ್ತಿತ್ತು. ಈಗ ಫೋನಿನಲ್ಲಿ ಎದುರು ಮಾತಾಡುತ್ತದೆ.

"ಬಿರುಗಾಳಿಗೆ ಒಂದು ದೊಡ್ಡ ನಮಸ್ಕಾರ ಹಾಕು ತಾಯಿ," ಎಂದ ಮಾಮ. "ಕಂಪನಿ ಕೊಡದ ರಜ ಅದು ಕೊಡ್ತಿದೆ."

ಹಡಗು ಬಂದರು ಸೇರಿತು. ಪ್ರಯಾಣಿಕರು ಬೇಕಾದರೆ ಇಳಿದು ತಿರುಗಾಡಿ ಬರಬಹುದು ಎಂದು ಮೈಕು ಹೇಳಿತು. ಅದರ ಹಿಂದೆಯೇ ಮ್ಯಾನೇಜರನ ಅಪ್ಪಣೆ: ಕೆಲಸದವರು ಒಬ್ಬರೂ ಇಳಿಯುವಂತಿಲ್ಲ. ದ್ವೀಪ ತಪ್ಪಿದ್ದಕ್ಕೆ ದಿನವಿಡೀ ಒಳಗೇ ಮನರಂಜನೆ ಇದೆ, ಎಲ್ಲರೂ ಡ್ಯೂಟಿ ಮೇಲಿರಬೇಕು.

ಆನೆಯಕ್ಕ ಒಂದು ಕೋಣೆಯಲ್ಲಿ ಹಾಸಿಗೆ ಬಟ್ಟೆ ಬದಲಿಸುತ್ತಾ ಕಿಟಕಿಯಲ್ಲಿ ನೋಡಿದಳು. ದಪ್ಪ ಸಾಹೇಬ ಕೊಡೆ ಹಿಡಿದುಕೊಂಡು ಇಳಿದು, ಕಲ್ಲಿದ್ದಲ ರಾಶಿಯ ತನಕ ಹೋಗಿ, ಮುಖ ಸಿಂಡರಿಸಿಕೊಂಡು ವಾಪಸ್ಸು ಬಂದ. ಹತ್ತುವಾಗ ಎದುರು ಸಿಕ್ಕವರಿಗೆಲ್ಲ, ನೋಡೋಕೆ ಏನೂ ಇಲ್ಲ, ಹೋಗಬೇಡಿ ಎಂದು ಬುದ್ಧಿ ಹೇಳಿದ. ಅವನು ಏನೂ ಇಲ್ಲ ಎಂದ ಜಾಗದಲ್ಲೇ, ಅವನ ಬೆನ್ನ ಹಿಂದೆ ದಕ್ಕೆಯ ಮೇಲೆಯೇ, ಹಳದಿ ರೈನ್‌ಕೋಟು ಹಾಕಿದ ಗಂಡ ನಿಂತಿದ್ದ. ಅವನ ಹೆಗಲ ಮೇಲೆ ಮಗಳು. ಇಬ್ಬರೂ ಹಡಗಿನ ಅಷ್ಟೂ ಕಿಟಕಿಗಳ ಕಡೆ ಕೈ ಬೀಸುತ್ತಿದ್ದರು, ಯಾವ ಕಿಟಕಿಯಲ್ಲಿ ಅವಳಿದ್ದಾಳೆ ಅಂತ ಗೊತ್ತಿಲ್ಲದೆ.

ದಿಂಬನ್ನು ಅಲ್ಲೇ ಬಿಟ್ಟು ಮ್ಯಾನೇಜರನ ಕೋಣೆಗೆ ಹೋದಳು. ಒಂದು ಗಂಟೆ ಬಿಡಿ ಸಾರ್, ಬೇಕಾದರೆ ನಾಳೆ ಎರಡು ಪಾಳಿ ಮಾಡುತ್ತೇನೆ ಎಂದಳು. ಕೆಳಗೆ ನಿಂತಿರುವವರನ್ನು ಅವನ ಕಿಟಕಿಯಿಂದಲೇ ತೋರಿಸಿದಳು. ಅವನು ನೋಡಿದ. ನೋಡಿ ಪರದೆ ಎಳೆದ.

"ಒಬ್ಬಳಿಗೆ ಬಿಟ್ರೆ ನಾಳೆ ಎಲ್ಲರೂ ಗಂಡ-ಮಕ್ಕಳು ಅಂತಾರೆ. ಎಲ್ಲರಿಗೂ ಇರ್ತಾರಲ್ಲ?"

"ಇರ್ತಾರೆ ಸಾರ್."

"ಮತ್ತೆ? ಹೋಗು, ಆನೆ ಮಾಡು."

ಟವೆಲ್ಲಿನ ಕೋಣೆಗೆ ಬಂದು ಆನೆ ಮಾಡಲು ಕೂತಳು. ಅವತ್ತು ಸೊಂಡಿಲು ನಿಲ್ಲಲಿಲ್ಲ. ಸುತ್ತಿದಳು, ಬಿದ್ದುಹೋಯಿತು. ಮತ್ತೆ ಸುತ್ತಿದಳು, ಮತ್ತೆ ಬಿತ್ತು. ಆಗ ಅವಳಿಗೆ ಅಳುವೂ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಟವೆಲ್ಲನ್ನು ಗೋಡೆಗೆ ಎಸೆದು, ಹೊರಗೆ ಬಂದು, ಪ್ರಯಾಣಿಕರ ಕೋಣೆಗಳ ಉದ್ದನೆಯ ಓಣಿಯಲ್ಲಿ, ರತ್ನಗಂಬಳಿಯ ಮೇಲೆ, ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

ಪಕ್ಕದ ಸಾಲಿನ ಕೋಣೆ ಕೆಲಸದವಳು ನೋಡಿ, ಏನಾಯಿತೆಂದು ಕೇಳಿ, ತನ್ನ ಗಾಡಿ ಅಲ್ಲೇ ಬಿಟ್ಟು ಅವಳ ಪಕ್ಕ ಕೂತಳು. ಸುದ್ದಿ ಮೆಟ್ಟಿಲಿಳಿದು ಪಾತ್ರೆ ತೊಳೆಯುವಲ್ಲಿಗೆ ಹೋಯಿತು, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ಹಬೆಯ ಕೋಣೆಗೆ. ಸ್ವಲ್ಪ ಹೊತ್ತಿನಲ್ಲಿ ಲಾಂಡ್ರಿ ಮಾಮ ತೋಯ್ದ ಬನಿಯನ್ನಿನಲ್ಲೇ ಹತ್ತಿಬಂದ. ಅವನು ಈ ಓಣಿಗೆ ಕಾಲಿಟ್ಟಿದ್ದು ಇದೇ ಮೊದಲು. ತಾನು ಒಗೆಯುವ ಬಟ್ಟೆಗಳೆಲ್ಲ ಇಂಥ ವೈಭೋಗದಲ್ಲಿ ಮಲಗುತ್ತವಾ ಎಂದು ಕಣ್ಣರಳಿಸಿ ನೋಡಿ, ಗಂಬಳಿಯನ್ನೊಮ್ಮೆ ಸವರಿ, ಆರಾಮಾಗಿ ಕಾಲು ಚಾಚಿದ.

ಆನೆಯಕ್ಕನಿಗೆ ಗಾಬರಿಯಾಯಿತು. "ನಂಗೇನೋ ಇದು ನನ್ನೂರು ಮಾಮ. ಇಳಿಸಿದ್ರೆ ನಡ್ಕೊಂಡು ಮನೆಗೆ ಹೋಗ್ತೀನಿ. ನಿಮಗೆಲ್ಲ? ನೀವು ಎದ್ದು ಹೋಗಿ, ಕೈ ಮುಗೀತೀನಿ."

ಮಾಮ ಚಾಚಿದ ಕಾಲು ಮಡಚಿಕೊಂಡ. ಆಮೇಲೆ ಹೇಳಿದ: "ಅಡುಗೆಯವನನ್ನ ಇಳಿಸಿದಾಗ ನಾನು ಕೆಳಗೆ ಇಸ್ತ್ರಿ ಮಾಡ್ತಾ ಇದ್ದೆ. ಎಲ್ಲರೂ ಅವರವರ ಕೆಲಸ ಮಾಡ್ತಾ ಇದ್ವಿ. ಅವತ್ತು ಹೀಗೆ ಕೂತಿದ್ರೆ ಅವನು ಇಳೀತಿರಲಿಲ್ಲ. ಇವತ್ತು ಕೂತಿದೀವಿ, ಸುಮ್ನಿರು."

ಒಬ್ಬರೂ ಏಳಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯ ತನಕ ಜನ. ಬಾಗಿಲು ತೆರೆದ ಒಬ್ಬ ಅಜ್ಜಿ, ಇವತ್ತು ನಮ್ಮ ಆನೆ ಬಂದಿಲ್ಲವಲ್ಲ ಎಂದು ಕೇಳಿದರು. ಆನೆ ಮುಷ್ಕರ ಹೂಡಿದೆ ಅಮ್ಮಾ ಎಂದ ಮಾಮ. ಅಜ್ಜಿಗೆ ಏನೂ ತಿಳಿಯದಿದ್ದರೂ ನಕ್ಕು, ಒಳಗಿನಿಂದ ಬಿಸ್ಕತ್ತಿನ ಡಬ್ಬಿ ತಂದುಕೊಟ್ಟರು. ಡಬ್ಬಿ ಕೈಯಿಂದ ಕೈಗೆ ಹೋಗುತ್ತಿದ್ದಾಗಲೇ ಮ್ಯಾನೇಜರು ಬಂದ.

ಅವನ ಮುಖ ಕೆಂಡವಾಗಿತ್ತು. ಏನಿದು ಸಂತೆ ಎಂದ. ಕೋಣೆಗಳೆಲ್ಲ ಹಾಗೇ ಬಿದ್ದಿವೆ, ಊಟದ ಮೇಜಿನ ಮೇಲೆ ತಟ್ಟೆಯಿಲ್ಲ, ನಾಚಿಕೆ ಆಗಲ್ವಾ ಎಂದ. ಯಾರೂ ಕ್ಯಾರೇ ಅನ್ನಲಿಲ್ಲ. ಬಿಸ್ಕತ್ತು ತಿನ್ನುವ ಸದ್ದು ಮಾತ್ರ ಕೇಳಿಸುತ್ತಿತ್ತು. ಕೊನೆಗೆ ಅವನು ತನ್ನ ಬ್ರಹ್ಮಾಸ್ತ್ರ ತೆಗೆದ.

"ಏಳ್ತೀರೋ ಇಲ್ವೋ? ಇಲ್ಲಾಂದ್ರೆ ಒಬ್ಬೊಬ್ಬರನ್ನೂ ಈಗಲೇ, ಇಲ್ಲೇ ಇಳಿಸಿಬಿಡ್ತೀನಿ."

ಮಾಮ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕಿದ.

"ಅದನ್ನೇ ಅಲ್ವಾ ಸಾರ್," ಎಂದ ಮಾಮ ನಿಧಾನವಾಗಿ, "ಅವಳು ಬೆಳಗ್ಗೆಯಿಂದ ಕೇಳ್ತಿರೋದು?"

ಮೊದಲು ಪಾತ್ರೆ ತೊಳೆಯುವವಳೊಬ್ಬಳು ಕಿಸಕ್ಕೆಂದಳು. ಆಮೇಲೆ ಅಡುಗೆಯವರು. ಆಮೇಲೆ ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಎಷ್ಟೋ ಕಾಲದಿಂದ ಎದೆ ನಡುಗಿಸಿದ್ದ ಮಾತು ಇಷ್ಟು ಪೊಳ್ಳಾ ಎಂದು ಅವರಿಗೇ ಆಶ್ಚರ್ಯ. ಮಾಮ ಮಂಡಿ ಹಿಡಿದುಕೊಂಡು ಎದ್ದ. ನನ್ನನ್ನೂ ಇಳಿಸಿ ಎಂದ. ನನ್ನನ್ನೂ ಎಂದಳು ಪಕ್ಕದ ಸಾಲಿನವಳು. ನನ್ನನ್ನೂ, ನನ್ನನ್ನೂ ಎನ್ನುತ್ತಾ ಎಲ್ಲರೂ ಎದ್ದು, ಇಳಿಯುವ ಬಾಗಿಲ ಕಡೆ ಸಾಲು ಹಿಡಿದರು. ಸಾಲಿನ ಬಾಲ ಓಣಿ ದಾಟಿ, ಮೆಟ್ಟಿಲು ಹತ್ತಿ, ಈಜುಕೊಳದ ತನಕ ಹೋಯಿತು. ಬಾಗಿಲ ಕಾವಲಿನವನು ಮ್ಯಾನೇಜರನ ಮುಖ ನೋಡಿದ, ಸಾಲಿನ ಮುಖ ನೋಡಿದ, ಟೋಪಿ ಸರಿಮಾಡಿಕೊಂಡು ತಾನೂ ಸಾಲಿನ ಕೊನೆಯಲ್ಲಿ ನಿಂತ.

ಇಷ್ಟು ಜನರನ್ನು ಇಳಿಸಿದರೆ ಹಾಸಿಗೆ ಹಾಸುವವರು ಯಾರು, ಅನ್ನ ಬೇಯಿಸುವವರು ಯಾರು, ಬಕೆಟ್ಟು ಹಿಡಿಯುವವರು ಯಾರು? ಮ್ಯಾನೇಜರು ದಪ್ಪ ಸಾಹೇಬನ ಕೋಣೆಯ ಬಾಗಿಲ ಕಡೆ ನೋಡಿದ. ಬಂದರಿನಲ್ಲೂ ಹಡಗು ತೂಗುತ್ತಲೇ ಇತ್ತು, ಒಳಗಿಂದ ವಾಂತಿಯ ಸದ್ದು ಬರುತ್ತಿತ್ತು. ಅವನ ಗತ್ತು ಅಲ್ಲೇ ಇಳಿದುಹೋಯಿತು. ಹಡಗು ಹೊರಡುವ ತನಕ ಸರದಿಯ ಮೇಲೆ ಎಲ್ಲರೂ ಹೋಗಿ ಬರಬಹುದು, ಇದು ತನ್ನ ದೊಡ್ಡತನ ಎಂದ. ದೊಡ್ಡತನ ಅವನೇ ಇಟ್ಟುಕೊಳ್ಳಲಿ ಎಂದು ಎಲ್ಲರೂ ಬಿಟ್ಟುಕೊಟ್ಟರು. ಮೊದಲ ಸರದಿ ಆನೆಯಕ್ಕನದು.

ಇಳಿಜಾರು ಹಲಗೆಯ ಮೇಲೆ ಅವಳು ನಡೆಯಲಿಲ್ಲ, ಓಡಿದಳು. ಗಂಡ ಮಗಳನ್ನು ಹೆಗಲಿಂದ ಇಳಿಸಿದ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಮಗು ಮಾತ್ರ ಅಪ್ಪನ ರೈನ್‌ಕೋಟಿನ ಹಿಂದೆ ಅಡಗಿ, ಬಂದವಳನ್ನು ಮೇಲಿನಿಂದ ಕೆಳಗೆ ನೋಡಿತು. ಕೆಳಗಿನಿಂದ ಮೇಲೆ ನೋಡಿತು.

"ಅಪ್ಪಾ, ಅಮ್ಮಂಗೆ ಕಾಲಿದೆ!"

ಫೋನಿನಲ್ಲಿ ಅದು ಯಾವತ್ತೂ ನೋಡಿದ್ದು ಮುಖ, ಕತ್ತು, ಹೆಚ್ಚೆಂದರೆ ಹೆಗಲು. ಆನೆಯಕ್ಕ ನಗುತ್ತಾ ಅಳುತ್ತಾ ಒದ್ದೆ ಕಲ್ಲಿನ ಮೇಲೆ ಕೂತು ಚಪ್ಪಲಿ ಕಳಚಿದಳು. ಮಗು ಹತ್ತಿರ ಬಂದು ಅಮ್ಮನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ನಂಬಿಕೆ ಬಂದ ಮೇಲೆ ಮಡಿಲಿಗೆ ಹತ್ತಿತು. ಹತ್ತಿದ್ದು ಇಳಿಯಲಿಲ್ಲ. ಮೂವರೂ ಹಗ್ಗದವರ ತಗಡಿನ ಕೋಣೆಯಲ್ಲಿ ಟೀ ಕುಡಿದರು, ಬ್ರೆಡ್ಡು ತಿಂದರು. ಇಷ್ಟು ತೆಳ್ಳಗಾಗಿದ್ದೀಯಲ್ಲೇ ಎಂದು ಗಂಡ ಬೈದ. ನೀವೇನು ಪೈಲ್ವಾನರಾ ಎಂದು ಅವಳೂ ಬೈದಳು. ಅವಳಿಗೆ ಬಹಳ ಸುಖವಾಯಿತು.

ಸರದಿಯ ಮೇಲೆ ಉಳಿದವರೂ ಇಳಿದು ಬಂದರು, ಆನೆಯಕ್ಕನ ಪಾಲಿನ ಕೆಲಸ ತಾವೇ ಹಂಚಿಕೊಂಡು ಅವಳನ್ನು ಅಲ್ಲೇ ಇರಲು ಬಿಟ್ಟರು. ಲಾಂಡ್ರಿ ಮಾಮ ಕಲ್ಲಿದ್ದಲ ರಾಶಿಯ ಸುತ್ತ ಕೈ ಬೀಸಿಕೊಂಡು ಎರಡು ಸುತ್ತು ಹಾಕಿ, ಎಂಥಾ ಒಳ್ಳೆ ಊರು ತಾಯಿ ನಿಂದು ಎಂದ. ಸಂಜೆಯ ಹೊತ್ತಿಗೆ ಗಾಳಿ ತಗ್ಗಿತು. ಹಡಗು ಹೊರಡುವ ಸೀಟಿ ಹಾಕಿತು. ದಕ್ಕೆಯ ಕಲ್ಲಿನ ಮೇಲೆ ಅಮ್ಮನ ಮಡಿಲಲ್ಲಿ ಕೂತಿದ್ದ ಮಗು ಆಗಷ್ಟೇ ಪಕ್ಕದ ಮನೆಯ ನಾಯಿ ಮರಿ ಹಾಕಿದ ಕಥೆ ಶುರುಮಾಡಿತ್ತು.

ಸೀಟಿ ಇನ್ನೊಂದು ಸಲ ಕೂಗಿತು. ಮ್ಯಾನೇಜರು ಮೇಲಿನಿಂದ ಬಗ್ಗಿ, ಹೊತ್ತಾಯಿತು, ಹಗ್ಗ ಬಿಚ್ಚಿ ಎಂದು ಕೂಗಿದ. ಬಿಚ್ಚಬೇಕಾದವನು ಆನೆಯಕ್ಕನ ಗಂಡ. ಅವನು ಎದ್ದು ಕಂಬದ ಹತ್ತಿರ ಹೋದ. ಹಗ್ಗದ ಮೇಲೆ ಕೈ ಇಟ್ಟ. ಕೈ ಮುಂದಕ್ಕೆ ಹೋಗಲಿಲ್ಲ. ಆಗ ಅವನ ಗುಂಪಿನ ಮೇಸ್ತ್ರಿ ಬಂದು, ಅವನ ಹೆಗಲು ಹಿಡಿದು ಹಿಂದಕ್ಕೆ ಕಳಿಸಿ, ತಾನೇ ಕಂಬದ ಮೇಲೆ ಕೂತ. ಉಳಿದ ಹಗ್ಗದವರೂ ಒಂದೊಂದು ಕಂಬದ ಮೇಲೆ ಒಬ್ಬೊಬ್ಬರು ಕೂತರು.

"ಬಿಚ್ಚೋಕೆ ಏನು ಧಾಡಿ?" ಎಂದು ಮ್ಯಾನೇಜರು ಕಿರುಚಿದ. "ಇಷ್ಟು ಜನ ಪ್ರಯಾಣಿಕರು ಕಾಯ್ತಾ ಇದ್ದಾರೆ."

"ಕಾಯ್ಲಿ ಬಿಡಿ ಸ್ವಾಮಿ," ಎಂದ ಮೇಸ್ತ್ರಿ. "ಮಗು ಮಾತಾಡ್ತಾ ಇದೆ."

ಮಗು ತಲೆಯೆತ್ತಿ ಅಷ್ಟು ದೊಡ್ಡ ಹಡಗನ್ನೂ, ಕಂಬಿಗೆ ಒರಗಿ ನಿಂತ ಅಷ್ಟೂ ಜನರನ್ನೂ ನೋಡಿತು. ಆಮೇಲೆ ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಟ್ಟು ಐದು ಮರಿ ಕಣಮ್ಮಾ ಎಂದು, ಮೊದಲನೆಯ ಮರಿಯಿಂದ ಹೇಳಲು ತೊಡಗಿತು.