ನನಗೆ ಟೂ-ಫಾರ್ಟಿ-ತ್ರೀ ಸಾಕು

ಡ್ರೈವರ್ ಮತ್ತೆ ಬ್ರೇಕ್ ಹಾಕಿದ, ಭುಜ ಹೋಗಿ ಬಸ್ಸಿನ ಕಿಟಕಿಗೆ ತಾಗಿತು, ಅದೇ ಬಲ ಭುಜ, ಈಗ ನೋವೇನಿಲ್ಲ, ಆದರೂ ಕಣ್ಣು ತಾನಾಗಿ ಮುಚ್ಚಿಕೊಂಡಿತು – ಮುಚ್ಚಲಿ, ಕಂಪನಿ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಯಾರ ಕಾಲೂ ಮುರಿಯುವುದಿಲ್ಲ – ಕಾರ್ಖಾನೆಗಳ ದ್ವೀಪ ಜುರಾಂಗ್ ಐಲ್ಯಾಂಡಿನ ಚೆಕ್‌ಪಾಯಿಂಟಿಗೆ ಇನ್ನು ಹತ್ತು ನಿಮಿಷ, ಆಮೇಲೆ ಪ್ಲಾಂಟ್ ಗೇಟಿನಲ್ಲಿ ಫೋನು ಲಾಕರಿಗೆ, ಸಂಜೆಯವರೆಗೆ ಮುಟ್ಟುವಂತಿಲ್ಲ, ನ್ಯೂಜಿಲೆಂಡಿನ ಗೈಡ್ ಕಳಿಸಿದ ಫಾರ್ಮಿಗೆ ಇವತ್ತು ಮಧ್ಯಾಹ್ನವೇ ಕೊನೆ, ಎಲ್ಲ ತುಂಬಿದ್ದೇನೆ, ಹೆಸರು ವತ್ಸಲಾ, ವಯಸ್ಸು ಐವತ್ತೊಂದು, ಜಿಂಕೆ ಬೇಟೆಗೆ ಬರುತ್ತಿರುವುದು ಎರಡನೇ ಸಲ, ಖಾಲಿ ಉಳಿದಿರುವುದು ಒಂದೇ ಜಾಗ, ಯಾವ ಕಾಡತೂಸಿನ ರೈಫಲ್ ಬೇಕು, ಯಾಕೆ. ನನ್ನ ಗಂಡ ಜಯತೀರ್ಥರಿಗೆ ಇದರ ಉತ್ತರ ಆಗಲೇ ಗೊತ್ತು, ಕುಕ್ಕರ್ ಎಷ್ಟು ಲೀಟರಿನದು, ಹಾಸಿಗೆ ಎಷ್ಟು ಗಟ್ಟಿಯದು ಅಂತ ನನಗೆ ಹೇಳಿದ ಹಾಗೆ ಗುಂಡಿಗೂ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದಾರೆ, ಸ್ವತಃ ಸೊಳ್ಳೆ ಹೊಡೆಯುವವರಲ್ಲ, ಹೋದ ವರ್ಷ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಬೈನಾಕ್ಯುಲರ್ ಹಿಡಿದು ನನ್ನ ಹಿಂದೆ ಕೂತಿದ್ದವರು, ಆಗಲೂ ಈಗಲೂ ಅವರದ್ದು ಒಂದೇ ಮಾತು, ವತ್ಸಲಾ, ಡೇಟಾ ನೋಡು, ತ್ರೀ ಹಂಡ್ರೆಡ್ ಮ್ಯಾಗ್ನಮ್‌ಗೆ ಮಾರ್ಜಿನ್ ಜಾಸ್ತಿ, ಎಲ್ಲಿ ಬಿದ್ರೂ ಜಿಂಕೆ ಡೌನ್ ಆಗತ್ತೆ. ಆಗಲಿಲ್ಲವಲ್ಲ! ಹೋದ ವರ್ಷ ನನ್ನ ಕೈಲಿದ್ದದ್ದು ಅದೇ ದೊಡ್ಡ ಗುಂಡಿನ ಮ್ಯಾಗ್ನಮ್, ಎದೆಗೆ ಗುರಿ ಹಿಡಿದದ್ದು ಮುಂಗಾಲಿಗೆ ಬಿತ್ತು, ಜಿಂಕೆ ಮೂರು ಕಾಲಿನಲ್ಲಿ ಗುಡ್ಡ ಹತ್ತಿತು, ನಾಲ್ಕನೆಯದು ಚರ್ಮಕ್ಕೆ ಅಂಟಿಕೊಂಡು ತೂಗಾಡುತ್ತಿತ್ತು, ಕತ್ತಲಾಗುವವರೆಗೆ ಹುಡುಕಿದೆವು, ಸಿಗಲಿಲ್ಲ. ಏನಾಯ್ತು ಅಂತ ಇವರು ಕೇಳಿದರು. ಗಾಳಿ ಇತ್ತು ಅಂದೆ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಸೇಫ್ಟಿ ಇಂಜಿನಿಯರ್ ನಾನು, ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪಿನ ರಿಪೋರ್ಟು ಓದಿ ಸಂಬಳ ತಗೊಳ್ಳುವವಳು, ವಾಲ್ವ್ ಜಾರಿತು ಅಂತ ಯಾರಾದರೂ ಬರೆದುಕೊಟ್ಟರೆ ವಾಪಸ್ ಕಳಿಸುತ್ತೇನೆ, ಏನಾಯ್ತು ಅಂತಲ್ಲ, ನೀವೇನು ಮಾಡಿದಿರಿ ಅಂತ ಬರೀರಿ, ಮೊನ್ನೆ ಕೂಡ ಒಬ್ಬನನ್ನು ಮೂರು ಸಲ ಬರೆಸಿದೆ, ನಾಚಿಕೆಯಾಗಬೇಕು ನನಗೆ, ಆಗುತ್ತಿದೆ. ಗೈಡ್ ಮುದುಕಿಯ ಹತ್ತಿರ ಮಾತ್ರ ಈ ಆಟ ನಡೆಯಲಿಲ್ಲ, ಅವಳ ಕಣಿವೆಯಲ್ಲಿ ಜಿಂಕೆಗಳು ವಿಪರೀತ ಹೆಚ್ಚಿವೆ, ನೆಟ್ಟ ಸಸಿ ಒಂದನ್ನೂ ಬಿಡುವುದಿಲ್ಲ, ವರ್ಷ ವರ್ಷ ಹೊಡೆಯಲೇಬೇಕು, ಆದರೆ ಕುಂಟುತ್ತ ಹೋಗಿ ಎಲ್ಲೋ ಸಾಯುವುದು ಅವಳಿಗಾಗದು, ಮರುದಿನ ಬೆಳಿಗ್ಗೆ ಅದೇ ರೈಫಲ್ ನನ್ನ ಕೈಗಿಟ್ಟು ಆ ತಗಡಿಗೆ ಹೊಡೆ ಅಂದಳು, ಒಳಗೆ ಹಾಕಿದ್ದು ಖಾಲಿ ಕಾಡತೂಸು, ನನಗೆ ಹೇಳಿರಲಿಲ್ಲ, ಬಂದೂಕಿನ ಕುದುರೆ ಎಳೆದೆ, ಟಿಕ್ ಅಂದಿತು ಅಷ್ಟೆ, ಸದ್ದಿಲ್ಲ, ಭುಜಕ್ಕೆ ಒದೆತವಿಲ್ಲ, ಆದರೆ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬಿಟ್ಟು ನೋಡಿದರೆ ನಳಿಕೆಯ ತುದಿ ನೆಲ ನೋಡುತ್ತಿತ್ತು. ಅವಳು ಅದನ್ನು ತೆಗೆದುಕೊಂಡು ಚಿಕ್ಕ ಗುಂಡಿನ ರೈಫಲ್ ಟೂ-ಫಾರ್ಟಿ-ತ್ರೀ ಕೊಟ್ಟಳು, ಮ್ಯಾಗ್ನಮ್ಮಿನ ಒದೆತದ ಮೂರರಲ್ಲಿ ಒಂದು ಪಾಲು, ಐದು ಗುಂಡು ಹೊಡೆದೆ, ಐದೂ ತಗಡಿಗೆ, ಐದು ಸಲವೂ ತಗಡು ಅದುರಿದ್ದನ್ನು ನಾನೇ ನೋಡಿದೆ, ನೋಡಿದೆ! ಆ ಜಿಂಕೆಯ ಕಾಲಿಗೆ ಗುಂಡು ತಾಗಿದ್ದನ್ನು ನೋಡಿರಲಿಲ್ಲ, ನೋಡಿದ್ದು ತೂಗಾಡುವ ಕಾಲನ್ನು.

ದೂರದಲ್ಲಿ ಸೇತುವೆ ಕಾಣಿಸಿತು, ಎಡಕ್ಕೆ ಸಮುದ್ರ, ಎದುರಿಗೆ ಎಣ್ಣೆ ಟ್ಯಾಂಕುಗಳು. ಪ್ರವಾಸದ ಯಜಮಾನಿಕೆ ದ್ವಾರಕನಾಥರದ್ದು, ಇವರ ಬ್ಯಾಂಕಿನ ಗೆಳೆಯರು, ಭಾನುವಾರ ನಮ್ಮನೆ ಬಿಸಿಬೇಳೆಬಾತ್ ಬಾರಿಸುತ್ತ ನಕ್ಕರು, ಟೂ-ಫಾರ್ಟಿ-ತ್ರೀನಾ ವತ್ಸಲಾ ಅವ್ರೇ, ಅದು ಚಿಕ್ ಮಕ್ಕಳಿಗೆ ಕಲಿಸೋ ಗುಂಡು. ಮಗಳು ಮಾನ್ಯಾ, ಇಲ್ಲಿಯವರ ಹಾಗೆ ಲಾ ಸೇರಿಸಿ, ಅಮ್ಮಾ, ಹೋಗ್ಲೇಬೇಡ ಲಾ, ಬಾಲಿಗೆ ಯೋಗ ರಿಟ್ರೀಟ್ ಬುಕ್ ಮಾಡ್ತೀನಿ. ಒಂದೋ ದೊಡ್ಡದು ತಗೋಬೇಕಂತೆ, ಇಲ್ಲ ಮನೆಯಲ್ಲಿರಬೇಕಂತೆ. ಎರಡೂ ಆಗುವುದಿಲ್ಲ, ಹೋಗದಿದ್ದರೆ ನಾನು ಹೊಡೆದ ಕೊನೆಯ ಗುಂಡು ಅದೇ ಆಗಿ ಉಳಿಯುತ್ತದೆ, ದೊಡ್ಡದು ತಗೊಂಡರೆ ಇನ್ನೊಂದು ಜಿಂಕೆ ಮೂರು ಕಾಲಿನಲ್ಲಿ ಓಡುತ್ತದೆ. ಹೆದರುತ್ತೇನೆ ರೀ ಒದೆತಕ್ಕೆ, ಹೌದು, ಹೆದರಿಕೆ ನನ್ನದು, ಭುಜ ನನ್ನದು, ನಿಮ್ಮ ಎಕ್ಸೆಲ್ ಶೀಟಿನಲ್ಲಿ ಅದಕ್ಕೊಂದು ಕಾಲಮ್ ಇದೆಯಾ? ಚಿಕ್ಕ ಗುಂಡಾದರೆ ಹತ್ತಿರ ಹೋಗಬೇಕು, ಹೋಗುತ್ತೇನೆ, ಜಿಂಕೆ ಸರಿಯಾಗಿ ಅಡ್ಡ ನಿಲ್ಲುವವರೆಗೆ ಕಾಯಬೇಕು, ಕಾಯುತ್ತೇನೆ, ನಿಲ್ಲದಿದ್ದರೆ ಹೊಡೆಯುವುದಿಲ್ಲ, ಬರಿಗೈಲಿ ಬರುತ್ತೇನೆ, ನಗುವವರು ನಗಲಿ. ಟೂ-ಫಾರ್ಟಿ-ತ್ರೀ ಅಂತ ಒತ್ತಿದೆ. ಯಾಕೆ ಅಂತ ಕೇಳಿದ್ದೀಯಲ್ಲ ಮುದುಕಿ, ಹಗುರ ಅಂತ ಬರೆಯಬಹುದು, ಭುಜನೋವು ಅಂತ ಬರೆಯಬಹುದು, ಥೂ, ಮತ್ತೆ ಗಾಳಿಯೇ – ಬರೆದೆ, ಹೋದ ವರ್ಷ ಗಾಳಿ ಇರಲಿಲ್ಲ, ಒದೆತಕ್ಕೆ ಹೆದರಿ ಗುಂಡು ಹಾರುವ ಮೊದಲೇ ನಾನು ಕಣ್ಣು ಮುಚ್ಚಿದೆ. ಕಳಿಸಿದೆ. ತಂಡದ ಎಲ್ಲರಿಗೂ ಒಂದೊಂದು ಪ್ರತಿ ಹೋಗುತ್ತದೆ, ಗೊತ್ತಿದ್ದೇ ಕಳಿಸಿದೆ. ಚೆಕ್‌ಪಾಯಿಂಟು ಬಂತು, ಎಲ್ಲರೂ ಪಾಸು ತೆಗೆಯುತ್ತಿದ್ದಾರೆ, ಫೋನು ಗುಂಯ್ ಅಂದಿತು, ಜಯತೀರ್ಥರದೇ ಮೆಸೇಜು, ವತ್ಸಲಾ, ಏನಿದು, ದ್ವಾರಕನಾಥ್‌ಗೂ ಹೋಗಿದೆ, ಎಲ್ರೂ ನೋಡ್ತಾರೆ. ನೋಡಲಿ. ನಾನು ನೋಡಿಲ್ಲವೇ, ಗುಂಡು ಹಾರಿದ ಮೇಲೆ ನನ್ನ ಕಣ್ಣು ತೆರೆದೇ ಇತ್ತು, ಗುಡ್ಡದ ಮೇಲೆ ಆ ಜಿಂಕೆ ಒಂದು ಗಳಿಗೆ ನಿಂತಿತು, ತೂಗಾಡುತ್ತಿದ್ದ ಆ ಕಾಲನ್ನು ನೆಲಕ್ಕೆ ಊರಲು ನೋಡಿತು, ಮತ್ತೆ ಊರಲು ನೋಡಿತು, ಮತ್ತೆ –