ಬಾಣಂತಿ ಬಚ್ಚಲಿನ ಗೀಸರ್

ಗೀಸರ್ ರಿಪೇರಿ ಮಾಡುವ ಉಜ್ಜನಪ್ಪನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲಿ. ಭದ್ರಾವತಿಯಲ್ಲಿ ಅವನ ಅಂಗಡಿಯ ಮುಂದೆ ಹಾದುಹೋಗುವವರು, ಇವತ್ತು ಯಾರ ಗ್ರಹಚಾರ ಕೆಟ್ಟಿದೆಯೋ ಎಂದು ಒಮ್ಮೆ ಇಣುಕಿ ನೋಡಿಯೇ ಮುಂದೆ ಹೋಗುತ್ತಿದ್ದರು. ಕೆಲಸ ಮಾತ್ರ ಚೊಕ್ಕ. ಅದಕ್ಕೇ ಜನ ಬೈಸಿಕೊಂಡಾದರೂ ಅವನನ್ನೇ ಕರೆಯುತ್ತಿದ್ದರು, ಶಿವಮೊಗ್ಗದಿಂದಲೂ ಕರೆಯುತ್ತಿದ್ದರು.

ಆ ಬೆಳಿಗ್ಗೆ ಅವನ ಕೋಪಕ್ಕೆ ಕಾರಣ ಶಿವಮೊಗ್ಗದ ವಿನೋಬನಗರದ ಜಂಬಣ್ಣನ ಮನೆಯ ಗ್ಯಾಸ್ ಗೀಸರ್. ಎಂಟು ತಿಂಗಳ ಹಿಂದೆ ಅವರು ಹಂಡೆ ಒಲೆ ಒಡೆಸಿ, ಬಚ್ಚಲಿಗೆ ಟೈಲ್ಸ್ ಹಾಕಿಸಿದಾಗ ಅದನ್ನು ಒಳಗೋಡೆಗೆ ಕೂರಿಸಿದವನು ಉಜ್ಜನಪ್ಪನೇ. ಅಷ್ಟು ದಿನ ತಕರಾರಿಲ್ಲದೆ ಉರಿದಿದ್ದ ಮಷಿನ್ ಈಗ ಹಟ ಹಿಡಿದಿತ್ತು. ಜಂಬಣ್ಣನ ಮಗಳು ಸ್ಪಂದನಾ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಹುಟ್ಟಿ ಹತ್ತೊಂಬತ್ತು ದಿನ. ತಾಯಿಗೂ ಮಗುವಿಗೂ ನೀರು ಹಾಕುವ ಹೊತ್ತಿನಲ್ಲಿ ಹತ್ತು ನಿಮಿಷಕ್ಕೆ ಸರಿಯಾಗಿ ಗೀಸರ್ ಆರಿಹೋಗುತ್ತದೆ ಎಂಬುದು ದೂರು.

ಉಜ್ಜನಪ್ಪ ಎರಡು ಸಲ ಬಂದು ನೋಡಿದ್ದ. ಎರಡು ಸಲವೂ ಮಧ್ಯಾಹ್ನ. ಬಚ್ಚಲ ಬಾಗಿಲು ತೆರೆದಿಟ್ಟು ಮುಕ್ಕಾಲು ಗಂಟೆ ನಲ್ಲಿ ಬಿಟ್ಟರೂ ಗೀಸರ್ ಒಂದು ಸಲವೂ ಆರಲಿಲ್ಲ. ಎರಡನೆಯ ಸಲ ಏನೂ ತೋಚದೆ, ಸಿಲಿಂಡರ್ ಸರಿ ಇಲ್ಲ ಎಂದು ಹೇಳಿ ನೋಡಿದ. ಜಂಬಣ್ಣನ ಹೆಂಡತಿ ಮಹಾಂತಮ್ಮ ಬಿಡುವ ಹೆಂಗಸಲ್ಲ.

"ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ಅದೇ ಸಿಲಿಂಡರ್‌ನಲ್ಲಿ ಮೊನ್ನೆವರೆಗೂ ಉರೀತಿರ್ಲಿಲ್ವಾ? ಕೈಲಾಗಲ್ಲ ಅಂದ್ರೆ ಹೇಳಿ, ಬೇರೆಯೋರನ್ನ ಕರೀತೀವಿ."

ಇಪ್ಪತ್ತು ವರ್ಷದ ಕಸುಬಿನವನಿಗೆ ಇಂಥ ಮಾತು! ಮೈಯೆಲ್ಲ ಉರಿದುಹೋಯಿತು. ಗೇಟಿನವರೆಗೆ ಬಂದ ಜಂಬಣ್ಣ, "ನಿಜವಾಗ್ಲೂ ಏನಾಗಿದೆ ಉಜ್ಜನಪ್ಪ?" ಎಂದು ಮೆಲ್ಲಗೆ ಕೇಳಿದಾಗ, ಮರ್ಯಾದೆ ಉಳಿಸಿಕೊಳ್ಳಲು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಸೆನ್ಸರ್ ಕೆಟ್ಟಿದೆ. ಗಾಳಿ ಕಮ್ಮಿಯಾದ್ರೆ ಬೆಂಕಿ ಆರಿಸೋಕೆ ಅಂತ ಅದನ್ನ ಇಟ್ಟಿರ್ತಾರೆ. ಇದು ಸುಮ್‌ಸುಮ್ನೆ ಆರಿಸ್ತಿದೆ. ಹೊಸದು ತರಿಸಿ ಹಾಕ್ತೀನಿ."

ಸೆನ್ಸರ್ ಕೆಟ್ಟಿದೆಯೋ ಇಲ್ಲವೋ, ಅವನು ಬಿಚ್ಚಿ ನೋಡಿರಲಿಲ್ಲ.

ನಾಲ್ಕು ದಿನ ಕಳೆದು ಹೊಸ ಸೆನ್ಸರ್ ಬಂತು. ಈ ಸಲ ಬೆಳಿಗ್ಗೆಯೇ ಹೋಗಿ ಆ ಹೆಂಗಸಿನ ಬಾಯಿ ಮುಚ್ಚಿಸಬೇಕು ಎಂದು ಹಲ್ಲು ಕಚ್ಚಿಕೊಂಡು ಬೈಕ್ ಹತ್ತಿದ. ಪುಷ್ಯದ ಚಳಿ. ವಿನೋಬನಗರ ತಲುಪುವ ಹೊತ್ತಿಗೆ ಬೆರಳು ಮರಗಟ್ಟಿದ್ದವು, ಕೋಪ ಮಾತ್ರ ಬೆಚ್ಚಗೇ ಇತ್ತು.

ಮಹಾಂತಮ್ಮ ಸಾಂಬ್ರಾಣಿಗೆ ಕೆಂಡ ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತಿದ್ದಳು. ಅವನನ್ನು ನೋಡಿ ಕೂರಿ ಎಂದು ಕೂಡ ಹೇಳಲಿಲ್ಲ.

"ಸುಮ್ನೆ ಬಂದ್ರಿ. ಗೀಸರ್ ನಿನ್ನೆ ಸಂಜೇನೇ ರಿಪೇರಿ ಆಯ್ತು. ಕೋಟೆ ಕಡೆಯಿಂದ ಮಲ್ಲಿಕ್ ಅಂತ ಒಬ್ಬ ಬಂದಿದ್ದ. ಸೆನ್ಸರ್ ಕೆಟ್ಟಿದೆಯಂತೆ ಅಂದ್ವಿ. ಕೆಟ್ಟಿದ್ರೆ ಅದ್ಯಾಕೆ ಬೇಕು ಅಂತ ಎರಡು ವೈರ್ ಕೂಡಿಸಿ, ಟೇಪ್ ಸುತ್ತಿ ಹೋದ. ಐದೇ ನಿಮಿಷ! ಇವತ್ತು ಆಗಲೇ ಮುಕ್ಕಾಲು ಗಂಟೆ ಆಯ್ತು ಪ್ರೇಮಮ್ಮ ನೀರು ಹಾಕೋಕೆ ಶುರು ಮಾಡಿ, ಒಂದ್ಸಲಾನೂ ಆರಿಲ್ಲ."

ಒಳಗಿನಿಂದ ನೀರು ಸುರಿಯುವ ಸದ್ದು, ಅದರ ಜೊತೆಗೆ ಗೀಸರಿನ ಬುಸುಗುಟ್ಟುವ ಸದ್ದು ಕೇಳುತ್ತಿತ್ತು. ತಾನು ಕೂರಿಸಿದ ಮಷಿನ್ನಿಗೆ ಇನ್ನೊಬ್ಬ ಕೈ ಹಾಕಿದ್ದಾನೆ! ಉಜ್ಜನಪ್ಪನಿಗೆ ತಲೆ ಕೆಟ್ಟುಹೋಯಿತು.

"ಯಾರನ್ನ ಕೇಳಿ ಕೈ ಹಾಕಿಸಿದ್ರಿ? ನಾನು ತರ್ತೀನಿ ಅಂದಿರ್ಲಿಲ್ವಾ? ನಾಲ್ಕು ದಿನ ತಡ್ಕೊಳೋಕೆ ಆಗಲ್ವಾ ನಿಮ್ಗೆ?"

"ಬಾಣಂತೀನ ನಾಲ್ಕು ದಿನ ತಣ್ಣೀರಲ್ಲಿ ಕೂರಿಸ್ಲಾ?" ಮಹಾಂತಮ್ಮನ ದನಿಯೂ ಏರಿತು. "ಐದು ಬಾಣಂತನ ಮಾಡಿದ ಕೈ ಕಣ್ರೀ ಇದು. ನೀರು ಸುಡ್ತಿರ್ಬೇಕು, ಥಂಡಿ ಸೋಕಬಾರದು. ಬಾಗಿಲ ಸಂದಿಗೆ ಟವೆಲ್, ಗಾಳಿಕಿಂಡಿಗೆ ಹಳೇ ಸೀರೆ. ಸೂಜಿ ಮೊನೆಯಷ್ಟು ಗಾಳಿ ಒಳಗೆ ಹೋಗಲ್ಲ. ಅಷ್ಟು ಜೋಪಾನ ಮಾಡಿದ್ಮೇಲೆ ನಿಮ್ಮ ಮಷಿನ್ ನಡುವೆ ಆರಿದ್ರೆ ಏನು ಬಂತು?"

ಉಜ್ಜನಪ್ಪನ ಬಾಯಲ್ಲಿದ್ದ ಬೈಗುಳ ಅಲ್ಲೇ ನಿಂತಿತು.

"ಕಿಂಡಿ ಮುಚ್ಚಿದೀರಾ? ನಾನು ಬಂದಾಗ ತೆರೆದಿತ್ತಲ್ಲ?"

"ನೀರು ಹಾಕೋವಾಗ ಮಾತ್ರ ಮುಚ್ಚೋದು. ಆಮೇಲೆ ಸೀರೆ ಒದ್ದೆ ಆಗಿರುತ್ತೆ, ತೆಗೆದು ಒಣಗಿ ಹಾಕ್ತೀವಿ."

ಗೀಸರ್ ಅಂಗಡಿ ಇಡುವ ಮೊದಲು ಉಜ್ಜನಪ್ಪ ಕಬ್ಬಿಣದ ಕಾರ್ಖಾನೆಯೊಂದರ ಗ್ಯಾಸ್ ಲೈನಿನಲ್ಲಿ ಗುತ್ತಿಗೆ ಕೆಲಸ ಮಾಡಿದವನು. ಬೆಂಕಿಗೆ ಗಾಳಿ ಸಾಲದಿದ್ದರೆ ಹುಟ್ಟುವ ಗ್ಯಾಸ್ ಎಂಥದ್ದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮೂ ಬರುವುದಿಲ್ಲ. ತಲೆ ಭಾರವಾಗುತ್ತದೆ, ನಿದ್ದೆ ಬಂದಂತಾಗುತ್ತದೆ, ಕಾಲು ಸೋಲುತ್ತದೆ. 'ಗ್ಯಾಸ್ ಹೊಡೀತು' ಎಂದು ಕೂಗಿ ಹೊರಗೆಳೆದ ಕೆಲಸಗಾರರಲ್ಲಿ ಎಲ್ಲರೂ ಎದ್ದು ಕೂತದ್ದನ್ನು ಅವನು ನೋಡಿರಲಿಲ್ಲ. ಗೀಸರ್ ಪಾಪ ಹಟ ಮಾಡಿರಲಿಲ್ಲ; ದಿನವೂ ಹತ್ತು ನಿಮಿಷಕ್ಕೆ ಆರಿ ಒಳಗಿದ್ದವರ ಜೀವ ಕಾಯುತ್ತಿತ್ತು. ಅದರ ಕತ್ತನ್ನು ನಿನ್ನೆ ಸಂಜೆ ಟೇಪ್ ಸುತ್ತಿ ಹಿಸುಕಿದ್ದರು.

"ಬಾಗಿಲು ತೆಗೆಸ್ರಿ!" ಎಂದು ಅರಚಿಕೊಂಡು ಬಚ್ಚಲ ಕಡೆ ನುಗ್ಗಿದ.

ಮಹಾಂತಮ್ಮ ಕೆಂಡ ಕೆಳಗಿಟ್ಟವಳೇ ಎರಡು ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ಬುದ್ಧಿ ಗಿದ್ಧಿ ಐತಾ ನಿಮ್ಗೆ? ಹೆಣ್ಮಗಳು ಮೈಮೇಲೆ ಬಟ್ಟೆ ಇಲ್ದೆ ಕೂತಿದಾಳೆ. ರೀ, ಇವರನ್ನ ಮೊದ್ಲು ಆಚೆ ಕಳಿಸ್ರಿ!"

"ಸಾಯ್ತಾರೆ ಕಣಮ್ಮ! ಒಳಗೆ ಕೂತೋರು ಸಾಯ್ತಾರೆ!"

"ಬಾಣಂತಿ ಮನೇಲಿ ಎಂಥ ಮಾತಾಡ್ತಿದೀರಿ? ನಿಮ್ಮ ನಾಲಗೆ ಬಿದ್ದುಹೋಗ!"

ಜಂಬಣ್ಣ ಓಡಿಬಂದು ತೋಳು ಹಿಡಿದ. "ಮೆಲ್ಲಗೆ ಮಾರಾಯ, ಮೆಲ್ಲಗೆ." ಉಜ್ಜನಪ್ಪ ತೋಳು ಕೊಡವಿದ. ಆ ಹೆಂಗಸಿಗೆ ತಿಳಿಸಿ ಹೇಳುತ್ತ ಕೂತರೆ ಒಳಗೆ ಹೆಣ ಬೀಳುತ್ತದೆ. ಹಿತ್ತಲಿಗೆ ಓಡಿ ಮೊದಲು ಸಿಲಿಂಡರ್ ಬಂದ್ ಮಾಡಿದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಸ್ಪ್ಯಾನರ್‌ನಿಂದ ಗಾಳಿಕಿಂಡಿಯ ಗಾಜಿನ ಪಟ್ಟಿಗಳನ್ನು ಕುಟ್ಟಿ ಪುಡಿ ಮಾಡಿ, ಒಳಗೆ ತುರುಕಿದ್ದ ಸೀರೆಯನ್ನು ಎಳೆದು ಎಸೆದ. ಬಿಸಿ ಹಬೆ ಮುಖಕ್ಕೆ ಹೊಡೆಯಿತು.

"ಯಾರದು... ನೀರು ತಣ್ಣಗಾಯ್ತು," ಎಂದು ಒಳಗಿನಿಂದ ನೀರು ಹಾಕುವ ಪ್ರೇಮಮ್ಮನ ದನಿ ಬಂತು. ಕುಡಿದವರ ಮಾತಿನಂತೆ ಎಳೆದೆಳೆದು ಬಂತು.

"ಪ್ರೇಮಮ್ಮ, ಬಾಗಿಲ ಚಿಲಕ ತೆಗಿ! ಬಾಣಂತಿ ಹೆಂಗಿದಾಳೆ?"

"ಮಾತಾಡಿಸಿದ್ರೆ ಮಾತಾಡ್ತಿಲ್ಲಪ್ಪ. ನಿದ್ದೆ ಹತ್ತಿದಂಗಿದೆ."

ಆ ಮಾತು ಗೋಡೆಯಾಚೆ ಮಹಾಂತಮ್ಮನಿಗೂ ಕೇಳಿಸಿರಬೇಕು. ಉಜ್ಜನಪ್ಪ ಸುತ್ತು ಹಾಕಿ ಒಳಗೆ ಬರುವಷ್ಟರಲ್ಲಿ ಚಿಲಕ ಸರಿದಿತ್ತು. ಗಂಡ ಹೆಂಡತಿ ಇಬ್ಬರೂ ಮಗಳಿಗೆ ಬೆಡ್‌ಶೀಟ್ ಸುತ್ತಿ ಪಡಸಾಲೆಗೆ ಎಳೆದು ತಂದಿದ್ದರು. ಪ್ರೇಮಮ್ಮ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಸ್ಪಂದನಾಳ ಮುಖ ಕೆಂಪಗೆ, ಮಿಂದು ಬಂದ ಕಳೆಯಲ್ಲೇ ಇತ್ತು. ಕತ್ತು ಮಾತ್ರ ನಿಲ್ಲುತ್ತಿರಲಿಲ್ಲ.

"ನಿತ್ರಾಣ ಅಷ್ಟೆ, ಹಸೀ ಬಾಣಂತಿ ಅಲ್ವಾ," ಎಂದು ಮಹಾಂತಮ್ಮ ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು.

"ಆಚೆ ಜಗಲಿಗೆ ಹಾಕ್ರಿ ಅವರನ್ನ. ಆಟೋ ಕರೀರಿ. ಮಗು ಎಲ್ಲಿ?"

"ಮಗೂಗೆ ಮೊದಲೇ ನೀರು ಹಾಕಾಯ್ತು, ಮಲಗಿದೆ. ನೀರು ಹಾಕಿದ ಮೇಲೆ ಎಷ್ಟು ಚೆಂದ ನಿದ್ದೆ ಮಾಡುತ್ತೆ ಅಂತೀರಾ. ಇವತ್ತಂತೂ ಅಳಲೇ ಇಲ್ಲ."

ಉಜ್ಜನಪ್ಪ ಬಾಣಂತಿಯ ಕತ್ತಲೆ ಕೋಣೆಗೆ ನುಗ್ಗಿದ. ಬೂಟು ಬಿಚ್ಚಲಿಲ್ಲ, ಕೈ ತೊಳೆಯಲಿಲ್ಲ. ಬಟ್ಟೆಯಲ್ಲಿ ಸುತ್ತಿಟ್ಟ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದು, ಟೋಪಿ ಕಿತ್ತು, ಸುತ್ತು ಬಿಚ್ಚಿ ಚಳಿಗೆ ಹಿಡಿದ. ಹತ್ತೊಂಬತ್ತು ದಿನದ ಕೂಸು! ಮಹಾಂತಮ್ಮ ಹಿಂದಿನಿಂದ ಬಂದು ಅವನ ಬೆನ್ನಿಗೆ ಎರಡು ಮುಷ್ಟಿಯಲ್ಲೂ ಗುದ್ದಿದಳು. "ಕೊಲ್ತಾನೆ, ನನ್ನ ಮೊಮ್ಮಗೂನ ಕೊಲ್ತಾನೆ!" ಎಂದು ಬೀದಿಗೆ ಕೇಳುವಂತೆ ಕೂಗಿದಳು.

ಅವನು ಮಗುವಿನ ಅಂಗಾಲಿಗೆ ಉಗುರಿನಿಂದ ಮೀಟಿದ. ಮಗು ಅಲುಗಲಿಲ್ಲ. ಇನ್ನೊಮ್ಮೆ ಮೀಟಿದ, ಜೋರಾಗಿಯೇ. ಏನೂ ಇಲ್ಲ. ಅವನಿಗೆ ಹೆದರಿಕೆಯಾಯಿತು, ಮರುಕ್ಷಣ ಹೆದರಿಕೆಯೆಲ್ಲ ಸಿಟ್ಟಾಯಿತು. "ಅಳೋ! ಅಳೋ ಮಗನೇ!" ಎಂದು ಆ ಹಸುಗೂಸಿಗೇ ಗದರಿಸಿ ಮೂರನೆಯ ಸಲ ಮೀಟಿದ. ಮಗುವಿನ ತುಟಿ ಸೊಟ್ಟಗಾಯಿತು. ಬೆಕ್ಕಿನ ಮರಿಯಂಥ ಸಣ್ಣ ದನಿ ಹೊರಟಿತು.

ಮಹಾಂತಮ್ಮನ ಗುದ್ದು ನಿಂತಿತು.

ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಪ್ರೇಮಮ್ಮನಿಗೂ ಆಕ್ಸಿಜನ್ ಹಾಕಿದರು. ಮಧ್ಯಾಹ್ನ ಎರಡರ ಹೊತ್ತಿಗೆ ಸ್ಪಂದನಾ ಕಣ್ಣು ಬಿಟ್ಟು ಮಗು ಎಲ್ಲಿ ಎಂದು ಕೇಳಿದಳು. ಮೂವರಿಗೂ ಜೀವಭಯವಿಲ್ಲ, ಇನ್ನೂ ಕಾಲು ಗಂಟೆ ತಡವಾಗಿದ್ದರೆ ನಾವೇನೂ ಮಾಡುವಂತಿರಲಿಲ್ಲ ಎಂದು ಡಾಕ್ಟರು ಹೇಳಿಹೋದರು.

ಜಂಬಣ್ಣ ವರಾಂಡದ ಬೆಂಚಿನಿಂದ ಎದ್ದು ಬಂದು ಉಜ್ಜನಪ್ಪನ ಮುಂದೆ ಕೈ ಮುಗಿದ. "ದೇವರ ಹಂಗೆ ಬಂದ್ರಿ ಮಾರಾಯ್ರೆ." ಅವನ ಕಣ್ಣಲ್ಲಿ ನೀರಿತ್ತು.

ಆ ಕೈ ನೋಡಿ ಉಜ್ಜನಪ್ಪನಿಗೆ ಬೆಳಗಿನಿಂದ ಬಂದಿರದಷ್ಟು ಕೋಪ ಬಂತು. "ಕೈ ಇಳಿಸ್ರಿ. ಆ ಮಲ್ಲಿಕ್ ಸಿಗ್ಲಿ, ಅವನ ಕೈ ಮುರೀತೀನಿ. ಕೆಲಸ ಕಲೀದೆ ವೈರ್ ಕೂಡಿಸ್ತಾರಂತೆ ವೈರ್!"

"ಮಲ್ಲಿಕ್‌ನ ಯಾಕೆ ಬೈತೀರಿ?"

ಮಹಾಂತಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅತ್ತೂ ಅತ್ತೂ ದನಿ ಒಡೆದಿತ್ತು, ಆದರೆ ಮಾತು ನೆಟ್ಟಗೆ ಬಂತು.

"ಸೆನ್ಸರ್ ಕೆಟ್ಟಿದೆ ಅಂದೋರು ಯಾರು?"

ಉಜ್ಜನಪ್ಪ ಜೇಬಿನಲ್ಲಿದ್ದ ಹೊಸ ಸೆನ್ಸರನ್ನು ಮುಟ್ಟಿಕೊಂಡ; ಅವಳು ಮಾತು ನಿಲ್ಲಿಸಲಿಲ್ಲ.

"ತಪ್ಪು ನಂದೂ ಇದೆ. ಸೀರೆ ತುರುಕಿದ್ದು ನಾನೇ, ಸಾಯೋವರೆಗೂ ಮರೆಯಲ್ಲ. ಆದ್ರೆ ನಮ್ಮ ಹಂಡೆ ಒಲೆಗೆ ಸೌದೆ ಹಾಕ್ತಿದ್ದುದು ಗೋಡೆ ಆಚೆ. ನಮ್ಮತ್ತೆ, ಅವರತ್ತೆ, ಎಲ್ರೂ ಕಿಂಡಿ ಮುಚ್ಚೇ ಬಾಣಂತನ ಮಾಡಿದ್ರು, ಯಾರಿಗೂ ಏನೂ ಆಗ್ಲಿಲ್ಲ. ಬೆಂಕೀನ ಬಚ್ಚಲೊಳಗೆ ತಂದೋರು ನೀವು. ತಂದ್ಮೇಲೆ ಕಿಂಡಿ ಮುಚ್ಚಬೇಡಿ ಅಂತ ಒಂದು ಮಾತು ಹೇಳಿದ್ರಾ? ಎರಡು ಸಲ ಬಂದ್ರಲ್ಲ. ಮನೇಲಿ ಬಾಣಂತಿ ಇದಾಳೆ ಅಂತ ಗೊತ್ತಿತ್ತು. ನೀರು ಹಾಕೋವಾಗ ಬಚ್ಚಲು ಹೆಂಗಿರುತ್ತೆ ಅಂತ ಕೇಳಿದ್ರಾ?"

"ಅದೆಲ್ಲ ಹೆಂಗಸರ ವಿಷಯ, ನಂಗೆ ಹೆಂಗೆ..." ಎಂದು ಶುರು ಮಾಡಿದವನಿಗೆ ತನ್ನ ಮನೆಯ ಬಚ್ಚಲು ನೆನಪಾಯಿತು. ಹೋದ ವರ್ಷ ಅವನ ಮಗಳು ಅನುಷಾ ಬಾಣಂತನಕ್ಕೆ ಬಂದಾಗ, ಭದ್ರಾವತಿಯ ಮನೆಯಲ್ಲಿ ಬಚ್ಚಲ ಕಿಂಡಿಗೆ ಗೋಣಿಚೀಲ ಮುಚ್ಚಿ ಮೊಳೆ ಹೊಡೆದವನು ಅವನೇ. ಇನ್ನೂ ಬಿಗಿಯಾಗಿ ಹೊಡೀರಿ ಎಂದು ಹೆಂಡತಿ ಹೇಳಿದಾಗ ಇನ್ನೆರಡು ಮೊಳೆ ಸೇರಿಸಿದ್ದ. ಅಲ್ಲಿ ಸೌದೆ ಒಲೆ ಹೊರಗಿತ್ತು, ಬದುಕಿಕೊಂಡರು. ಗೊತ್ತಿಲ್ಲದವನು ಮಲ್ಲಿಕ್. ಉಜ್ಜನಪ್ಪನಿಗೆ ಗ್ಯಾಸೂ ಗೊತ್ತಿತ್ತು, ಗೋಣಿಚೀಲವೂ ಗೊತ್ತಿತ್ತು.

"ಇಲ್ಲ," ಎಂದ. "ಕೇಳಲಿಲ್ಲ."

ಮಹಾಂತಮ್ಮ ಮುಖ ತಿರುಗಿಸಿ ವಾರ್ಡಿನ ಒಳಗೆ ಹೋದಳು. ಜಂಬಣ್ಣನೂ ಅವಳ ಹಿಂದೆ ಹೋದ.

ಉಜ್ಜನಪ್ಪ ಮೊಬೈಲ್ ತೆಗೆದ. ಗೀಸರ್ ಕೂರಿಸಿದ ಮನೆಗಳ ನಂಬರೆಲ್ಲ ಅದರಲ್ಲಿದ್ದವು, ಶಿವಮೊಗ್ಗದವು, ಭದ್ರಾವತಿಯವು, ಹೊಳಲೂರಿನವು. ಮೊದಲು ಸಿಕ್ಕಿದ ನಂಬರಿಗೆ ಫೋನ್ ಮಾಡಿದ. ಹೊಳಲೂರಿನ ಶಿವಶಂಕರಪ್ಪ ಎತ್ತಿಕೊಂಡ.

"ನಿಮ್ಮ ಮನೇಲಿ ಬಾಣಂತಿ ಯಾರಾದ್ರೂ ಇದಾರಾ?"

"ಇದೇನ್ರೀ ಉಜ್ಜನಪ್ಪ, ಗೀಸರ್ ಬಿಟ್ಟು ಬಾಣಂತಿ ವಿಚಾರ್ಸೋಕೆ ಶುರು ಮಾಡಿದ್ರಾ?" ಆ ಕಡೆಯವನು ನಗತೊಡಗಿದ. "ಇದಾಳಲ್ಲ, ಸೊಸೆ. ಹೋದ ವಾರ ಹೆರಿಗೆ ಆಯ್ತು."

"ನಗಬೇಡ್ರಿ!" ಉಜ್ಜನಪ್ಪ ಕಿರುಚಿದ್ದಕ್ಕೆ ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಫೋನ್ ಹಿಡ್ಕೊಂಡೇ ಬಚ್ಚಲಿಗೆ ಹೋಗಿ. ಕಿಂಡಿಗೆ ಏನು ತುರುಕಿದಾರೆ ನೋಡಿ ಹೇಳಿ ನಂಗೆ."