ಸೇವ್ ಆಗದ ಅರ್ಧ ಗಂಟೆ

ಕಾಲೇಜಿನ ಲ್ಯಾಬಿನಲ್ಲಿ ದಿನವಿಡೀ ಕಂಪ್ಯೂಟರುಗಳ ಜೊತೆ ಏಗಿ ಮನೆಗೆ ಬಂದು, ಶೂ ಬಿಚ್ಚಿ ಕಾಲು ಚಾಚಿದ್ದೆನಷ್ಟೇ. ಅಕ್ಕನ ಫೋನು.

"ಟೆಂಪರರಿ ಫೈಲ್ ಬರೆಯೋಕಾಗಲ್ಲ ಅಂತಿದೆ ಕಣೋ. ಸೇವ್ ಆಗ್ತಿಲ್ಲ."

"ಆಫ್ ಮಾಡಿ ಆನ್ ಮಾಡು."

"ಮಾಡಲ್ಲ. ನೀನು ಬಾ."

ಇದೊಳ್ಳೆ ಗ್ರಹಚಾರ ಎಂದು ಗೊಣಗುತ್ತಾ ಎರಡು ಬಸ್ಸು ಬದಲಿಸಿ ಹೋದೆ. ಗಡಿಯಾರ ರಿಪೇರಿ ಮಾಡುತ್ತಿದ್ದ ಭಾವನಿಗೆ ಲಕ್ವ ಹೊಡೆದು ಮಾತು ನಿಂತು ಏಳು ತಿಂಗಳು. ಅಂದಿನಿಂದ ಆ ಮನೆಯಲ್ಲಿ ಬಲ್ಬು ಹೋದರೂ ನಾನೇ, ನಲ್ಲಿ ಸೋರಿದರೂ ನಾನೇ. ನನಗೂ ಸಾಕಾಗಿತ್ತು.

ಅಕ್ಕ ಬಾಗಿಲು ತೆಗೆದಳು. "ಮಧ್ಯಾಹ್ನ ನಿಮ್ಮ ಭಾವ ಮಾತಾಡಿದ್ರು ಕಣೋ! ಅರ್ಧ ಗಂಟೆ, ಒಂದೇ ಸಮನೆ. ಆಮೇಲೆ ಮತ್ತೆ ಬಾಯಿ ಕಟ್ಟಿಹೋಯ್ತು."

"ಏನಂದ್ರು?"

"ಅದೇ ಗೊತ್ತಿಲ್ಲ."

ಅಕ್ಕ ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವಳು. ಮಾತು ಕಿವಿಗೆ ಬಿದ್ದರೆ ನೇರ ಬೆರಳಿಗೆ ಇಳಿಯುತ್ತದೆ, ಅರ್ಥ ತಲೆಗೆ ಹತ್ತುವುದಿಲ್ಲ. "ಕೂತು ಕೇಳಿಸ್ಕೊಂಡಿದ್ರೆ ಅತ್ತುಬಿಡ್ತಿದ್ದೆ. ಅದಕ್ಕೇ ಟೈಪ್ ಮಾಡ್ದೆ" ಎಂದಳು. ಭಾವನ ಆ ಮಾತೆಲ್ಲ ಈಗ ಅವರ ಮಂಚದ ಪಕ್ಕದ ಕಂಪ್ಯೂಟರಿನಲ್ಲಿ, ತೆರೆದಿಟ್ಟ, ಸೇವ್ ಆಗದ ಫೈಲಿನಲ್ಲಿ ಮಾತ್ರ ಇತ್ತು. ಬರಹದ ಮೇಲೆ ಎರರ್ ಪೆಟ್ಟಿಗೆ ಕೂತಿತ್ತು. 'ಸರಿ' ಒತ್ತಿದರೆ ಎಲ್ಲಿ ಅಳಿಸಿಹೋಗುವುದೋ ಎಂಬ ಭಯಕ್ಕೆ ಅವಳು ಮೌಸನ್ನೂ ಮುಟ್ಟಿರಲಿಲ್ಲ. ನನ್ನ ಮಾತು ಕೇಳಿ ಆಫ್ ಮಾಡಿದ್ದರೆ ಅಷ್ಟೂ ಹೋಗಿಬಿಡುತ್ತಿತ್ತು.

"ಫೋಟೋ ತುಂಬಿ ತುಂಬಿ ಡಿಸ್ಕ್ ಭರ್ತಿ ಮಾಡಿರ್ತೀಯ" ಎಂದು ಬೈದೆ. ನೋಡಿದರೆ ಡಿಸ್ಕಿನಲ್ಲಿ ಅರ್ಧಕ್ಕರ್ಧ ಜಾಗ ಖಾಲಿ. ಆಜ್ಞೆ ಟೈಪ್ ಮಾಡುವ ಟರ್ಮಿನಲ್ ತೆರೆದು ತಾತ್ಕಾಲಿಕ ಫೈಲುಗಳ ಫೋಲ್ಡರ್ ನೋಡಿದೆ. ಅದರಲ್ಲಿ ಬರೆಯುವ ಅನುಮತಿ ಅಡ್ಮಿನ್‌ಗೆ ಮಾತ್ರ ಇತ್ತು, ಅಕ್ಕನಿಗೆ ಇರಲಿಲ್ಲ. ಯಾವ ಪುಣ್ಯಾತ್ಮನ ಕೆಲಸವಪ್ಪಾ ಇದು? ನನ್ನದೇ. ಹಿಂದಿನ ಸಂಜೆ, ಕಂಪ್ಯೂಟರ್ ನಿಧಾನ ಎಂದು ಕರೆಸಿದ್ದಳು. ಬೇಗ ಹೊರಡುವ ಆತುರಕ್ಕೆ ಆ ಫೋಲ್ಡರನ್ನೇ ಅಳಿಸಿ ಹೊಸದು ಮಾಡಿದ್ದೆ, ಎಲ್ಲರಿಗೂ ಅನುಮತಿ ಕೊಡುವುದನ್ನು ಮರೆತಿದ್ದೆ. ಬಾಯಿ ಬಿಡಲಿಲ್ಲ.

ಒಂದೇ ಸಾಲಿನ ಆಜ್ಞೆ, ಅನುಮತಿ ಸರಿಹೋಯಿತು. 'ಸರಿ' ಒತ್ತಿದೆ. ಬರಹ ಅಲ್ಲೇ ಇತ್ತು. ಸೇವ್ ಮಾಡಿದೆ, ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿದೆ.

"ಓದೋ" ಎಂದಳು ಅಕ್ಕ. "ನನ್ನ ಕೈಲಾಗಲ್ಲ."

ಅಂಗಡಿಯಲ್ಲಿ ಯಾರ ವಾಚು ಯಾವ ಡ್ರಾಯರಿನಲ್ಲಿದೆ ಎಂಬುದೇ ಒಂದು ಪುಟ. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಮಲಗಿದಲ್ಲೂ ಗಿರಾಕಿಗಳದ್ದೇ ಚಿಂತೆ ಈ ಮನುಷ್ಯಂಗೆ!"

ಮುಂದಿನ ಸಾಲಿಗೆ ನನ್ನ ದನಿ ನಿಂತಿತು.

"ಯಾಕೋ? ಓದು."

ಓದಿದೆ. "ನಿನ್ನ ತಮ್ಮನ್ನ ಎಲ್ಲದಕ್ಕೂ ಕರೀಬೇಡ ಕಣೇ. ಬಾಗಿಲಲ್ಲಿ ನಿಂತಾಗಲೇ ಅವನ ಬೇಸತ್ತ ಮುಖ ಕಾಣತ್ತೆ ನಂಗೆ. ಬೇಡ ಅನ್ನೋಣ ಅಂದ್ರೆ ಇಷ್ಟು ದಿನ ನಾಲಗೆ ಏಳಲಿಲ್ಲ."

ನಾಚಿಕೆಯಿಂದ ಕುಗ್ಗಿಹೋದೆ. ಮಂಚದಿಂದ ಭಾವ ನನ್ನನ್ನೇ ನೋಡುತ್ತಿದ್ದರು, ನನಗೆ ಆ ಕಡೆ ತಿರುಗಲು ಆಗಲಿಲ್ಲ.